ಮೆಲ್ಲಗೆ ನಿಲ್ಲುವ ಅಭ್ಯಾಸ: ತೈ ಚಿ ಮೂಲ ನಿಲುವುಗಳು ಮತ್ತು ಒಂಬತ್ತನೇ ತರಗತಿಯ ‘ತೂಕ’ದ ಪಾಠ

ಪೀಠಿಕೆ

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ರಾಶಿ ಮತ್ತು ತೂಕದ ವ್ಯತ್ಯಾಸವನ್ನು ಕಲಿಸದ ಶಿಕ್ಷಕರಿಲ್ಲ. ಆ ವ್ಯತ್ಯಾಸವನ್ನು ಪರೀಕ್ಷೆಯಲ್ಲಿ ಸರಿಯಾಗಿ ಬರೆದು, ಹೊರಗೆ ಬಂದೊಡನೆ ‘ನನ್ನ ತೂಕ ನಲವತ್ತು ಕೆಜಿ’ ಎನ್ನದ ವಿದ್ಯಾರ್ಥಿಯೂ ಇಲ್ಲ. ದಿನಬಳಕೆಯ ಮಾತಿನಲ್ಲಿ ಅದು ತಪ್ಪೇನೂ ಅಲ್ಲ. ಆದರೆ ತೂಕ ಒಂದು ಬಲ, ಅದು ನಮ್ಮ ಅಂಗಾಲಿನಲ್ಲಿ ಪ್ರತಿ ಕ್ಷಣವೂ ಕೆಲಸ ಮಾಡುತ್ತಿದೆ ಎಂಬುದು ಮಕ್ಕಳ ಅನುಭವಕ್ಕೆ ಬಾರದೆ, ಎರಡು ಅಂಕದ ಉತ್ತರವಾಗಿಯೇ ಉಳಿದುಬಿಡುತ್ತದೆ.

ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡುವಾಗ ಈ ವಿಷಯಕ್ಕೆ ಐದು ದಿನಗಳ ಒಂದು ಪಾಠಸರಣಿಯನ್ನು ಯೋಜಿಸಿದೆ. ಅದರಲ್ಲಿ ಬಳಸಿದ್ದು ಚೀನಾದ ತೈ ಚಿ ಎಂಬ ಸಮರಕಲೆಯ ಮೂರು ಮೂಲಾಭ್ಯಾಸಗಳನ್ನು ಮತ್ತು ಎರಡು ತೂಕದ ಯಂತ್ರಗಳನ್ನು. ಆ ಪಾಠಗಳ ವಿವರ, ತರಗತಿಯಲ್ಲಿ ಎದುರಾದ ಪ್ರಶ್ನೆಗಳು ಮತ್ತು ಈ ಮೂಲಾಭ್ಯಾಸದ ಕ್ರಮದಿಂದ ನಮ್ಮ ಬೋಧನಾಭ್ಯಾಸಕ್ಕೆ ಸಿಗಬಹುದಾದ ಒಂದು ಪಾಠ ಇಲ್ಲಿವೆ.

ತೈ ಚಿ ಮೂಲಾಭ್ಯಾಸ: ಕಿರುಪರಿಚಯ

ಚೀನೀ ಸಮರಕಲೆಗಳಲ್ಲಿ ತೈ ಚಿ, ಬಾಗುವಾ, ಷಿಂಗಿ ಎಂಬ ಮೂರನ್ನು ‘ಆಂತರಿಕ’ ಶೈಲಿಗಳೆಂದು ಕರೆಯುವ ರೂಢಿ ಇದೆ. ತೋಳಿನ ಬಲಕ್ಕಿಂತ ಮೈಯ ಸರಿಯಾದ ಜೋಡಣೆ, ಸಡಿಲತೆ ಮತ್ತು ತೂಕದ ಹತೋಟಿಗೆ ಇವು ಹೆಚ್ಚು ಬೆಲೆ ಕೊಡುತ್ತವೆ. ತೈ ಚಿಯ ಹಳೆಯ ನೆಲೆಗಳಲ್ಲಿ ಮುಖ್ಯವಾದುದು ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿ. ಇಂದು ಲೋಕದಲ್ಲೆಲ್ಲ ಹೆಚ್ಚು ಜನ ಕಲಿಯುವ 24 ಚಲನೆಗಳ ಸರಳ ರೂಪವನ್ನು ಚೀನಾದ ಕ್ರೀಡಾ ಆಡಳಿತವು 1956ರಲ್ಲಿ ರೂಪಿಸಿತು. 2020ರಲ್ಲಿ ಯುನೆಸ್ಕೊ ತೈ ಚಿಯನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ವುಷು ಕ್ರೀಡೆಯಲ್ಲಿ ಇದೂ ಒಂದು ಸ್ಪರ್ಧಾ ವಿಭಾಗ.

ಬಿ.ಎಸ್ಸಿ. ಓದುವಾಗ ತೊಂಡೇಬಾವಿಯಿಂದ ರೈಲಿನಲ್ಲಿ ಓಡಾಡುತ್ತಿದ್ದ ನಾನು, ಭಾನುವಾರಗಳಂದು ಬೆಂಗಳೂರಿನ ಒಂದು ಉದ್ಯಾನದಲ್ಲಿ ಹಿರಿಯರೊಬ್ಬರ ಬಳಿ ಇದನ್ನು ಕಲಿತೆ. ಮೊದಲ ಹಲವು ತಿಂಗಳು ಅವರು 24 ಚಲನೆಗಳ ಕಡೆಗೆ ಹೋಗಲೇ ಇಲ್ಲ. ಮಾಡಿಸಿದ್ದು ಮೂರೇ ಅಭ್ಯಾಸ.

1. ಕಂಬದಂತೆ ನಿಲ್ಲುವುದು: ಪಾದಗಳು ಭುಜದಷ್ಟು ಅಗಲ, ಮಂಡಿ ತುಸು ಸಡಿಲ, ಬೆನ್ನು ನೇರ, ಭುಜ ಇಳಿಬಿಟ್ಟು ಸುಮ್ಮನೆ ನಿಲ್ಲುವುದು.

2. ತೂಕ ವರ್ಗಾಯಿಸುವುದು: ಅದೇ ನಿಲುವಿನಲ್ಲಿ ಮೈಭಾರವನ್ನು ಎಡಗಾಲಿನಿಂದ ಬಲಗಾಲಿಗೆ, ಬಲದಿಂದ ಎಡಕ್ಕೆ ಒಂದೇ ಸಮನಾದ ನಿಧಾನದಲ್ಲಿ ಸಾಗಿಸುವುದು. ಭಾರ ಹೊತ್ತ ಕಾಲನ್ನು ‘ತುಂಬಿದ’ ಕಾಲು ಎಂತಲೂ ಭಾರವಿಲ್ಲದ್ದನ್ನು ‘ಖಾಲಿ’ ಕಾಲು ಎಂತಲೂ ಕರೆಯುತ್ತಾರೆ.

3. ಖಾಲಿ ಹೆಜ್ಜೆ: ಭಾರವನ್ನೆಲ್ಲ ಹಿಂಗಾಲಿನಲ್ಲೇ ಇಟ್ಟುಕೊಂಡು ಮುಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ತಾಗಿಸುವುದು, ನಂತರವಷ್ಟೇ ಭಾರವನ್ನು ಮುಂದಕ್ಕೆ ತರುವುದು. ಮೈ ವಾಲಿಸದೆ ಆ ಮುಂಗಾಲನ್ನು ಹಿಂದಕ್ಕೆ ಎತ್ತಿಕೊಳ್ಳಲು ಬಂದರೆ ಮಾತ್ರ ಅದು ಖಾಲಿ ಹೆಜ್ಜೆ.

ನಮ್ಮ ಗರಡಿಮನೆಗಳ ಕ್ರಮವೂ ಇದಕ್ಕೆ ದೂರವಲ್ಲ. ದಂಡ, ಬಸ್ಕಿಗಳಲ್ಲಿ ಮೈ ಹದಗೊಂಡ ಮೇಲಷ್ಟೇ ಕುಸ್ತಿಯ ಪಟ್ಟುಗಳು. ಒಬ್ಬರ ಕೈಕೆಳಗೆ ಚೆನ್ನಾಗಿ ತರಬೇತಾದವರನ್ನು ‘ಅವರ ಗರಡಿಯಲ್ಲಿ ಪಳಗಿದವರು’ ಎನ್ನುತ್ತೇವಲ್ಲ, ಆ ‘ಪಳಗುವುದು’ ಎಂಬ ಮಾತಿನಲ್ಲಿಯೇ ಮೂಲಾಭ್ಯಾಸದ ಅರ್ಥವಿದೆ.

ಪಾಠದ ಉದ್ದೇಶಗಳು

ಪಾಠಸರಣಿಯ ಕೊನೆಗೆ ವಿದ್ಯಾರ್ಥಿಗಳು: (ಅ) ತೂಕವು ಒಂದು ಬಲವೆಂದು ತಮ್ಮ ಅನುಭವದ ಆಧಾರದಿಂದ ವಿವರಿಸುವರು, (ಆ) ತೂಕದ ಯಂತ್ರ ತೋರಿಸುವ ಅಳತೆ ಬದಲಾದರೂ ರಾಶಿ ಬದಲಾಗದ ಸಂದರ್ಭವನ್ನು ಗುರುತಿಸುವರು, (ಇ) ಸಂತುಲಿತ ಮತ್ತು ಅಸಂತುಲಿತ ಬಲಗಳಿಗೆ ಸ್ವಂತ ಉದಾಹರಣೆ ಕೊಡುವರು.

ಪೂರ್ವಸಿದ್ಧತೆ

ಎರಡು ತೂಕದ ಯಂತ್ರಗಳು ಬೇಕು. ಅವು ಮುಳ್ಳು ತಿರುಗುವ ಹಳೆಯ ಬಗೆಯವೇ ಆಗಿರಬೇಕು. ಸಾಮಾನ್ಯ ಡಿಜಿಟಲ್ ಯಂತ್ರಗಳು ಒಂದು ಅಂಕಿಯನ್ನು ಹಿಡಿದು ನಿಲ್ಲಿಸಿಬಿಡುವುದರಿಂದ, ಮೈ ಚಲಿಸುವಾಗ ಆಗುವ ಏರಿಳಿತವನ್ನು ತೋರಿಸುವುದಿಲ್ಲ. ಎರಡನ್ನೂ ಸೊನ್ನೆಗೆ ತಂದು, ಒಂದೇ ವಸ್ತುವನ್ನು ಎರಡರ ಮೇಲೂ ಇಟ್ಟು ನೋಡಿಕೊಳ್ಳಬೇಕು. ನೆಲ ಗಟ್ಟಿಯಾಗಿ, ಮಟ್ಟಸವಾಗಿ ಇರಬೇಕು.

ಚಲನೆಗಳ ಆಯ್ಕೆಯಲ್ಲಿಯೂ ಯೋಚನೆ ಬೇಕಾಯಿತು. ತೈ ಚಿಯಲ್ಲಿ ಕಾಲನ್ನು ಅಗಲವಾಗಿ ಚಾಚುವ ನಿಲುವುಗಳಿವೆ. ಸೀರೆ ಉಟ್ಟ ಪ್ರಶಿಕ್ಷಣಾರ್ಥಿಗೂ ಸಮವಸ್ತ್ರದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಎದುರಿಗೆ ಅವು ಹಿತವಲ್ಲ. ಹಾಗಾಗಿ ಭುಜದಗಲದ ನಿಲುವು ಮತ್ತು ಗೇಣುದ್ದದ ಹೆಜ್ಜೆ, ಇಷ್ಟನ್ನೇ ಆರಿಸಿಕೊಂಡೆ. ಮಂಡಿಯನ್ನು ಆಳವಾಗಿ ಬಗ್ಗಿಸುವುದು ಎಲ್ಲಿಯೂ ಇರಲಿಲ್ಲ.

ಪಾಠಯೋಜನೆಯನ್ನು ನೋಡಿದ ಮಾರ್ಗದರ್ಶಿ ಶಿಕ್ಷಕರು, “ನೋಡಮ್ಮ, ಇದು ಪಿ.ಟಿ. ಪೀರಿಯಡ್ಡೋ ವಿಜ್ಞಾನದ ಪೀರಿಯಡ್ಡೋ? ಪಾಠ ಮುಗಿಯಬೇಕಲ್ಲ?” ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಹಾಗಾಗಿ 40 ನಿಮಿಷದ ಅವಧಿಯಲ್ಲಿ ಮೊದಲ 8 ನಿಮಿಷ ಮಾತ್ರ ನಿಲುವಿಗೆ, ಉಳಿದ 32 ನಿಮಿಷ ಪಠ್ಯಕ್ಕೆ ಎಂದು ಒಪ್ಪಂದವಾಯಿತು. ಈ ಮಿತಿಯೇ ಪಾಠಕ್ಕೆ ಅನುಕೂಲವಾಯಿತು. ಒಂದೇ ದಿನ ಎಲ್ಲವನ್ನೂ ಪ್ರದರ್ಶಿಸುವ ಬದಲು, ಐದು ದಿನ ಅದೇ ಮೂರು ಅಭ್ಯಾಸಗಳಿಗೆ ಮರಳುವಂತಾಯಿತು.

ತರಗತಿಯಲ್ಲಿ ನಡೆದದ್ದು

ಮೊದಲ ದಿನ: ಎಲ್ಲರೂ ಎದ್ದು ನಿಂತು ಮಂಡಿಯನ್ನು ತುಸು ಸಡಿಲಿಸಿ ಎಂದೊಡನೆ ಹಿಂದಿನ ಸಾಲಿನಿಂದ ಒಂದು ದನಿ ಬಂತು: “ಮಿಸ್, ಏನ್ ತಪ್ಪು ಮಾಡಿದ್ವಿ?” ತರಗತಿ ನಕ್ಕಿತು. ಆ ಹುಡುಗ ನಗಲಿಲ್ಲ.

ಈ ಪ್ರಶ್ನೆಯನ್ನು ನಿರೀಕ್ಷಿಸಿದ್ದೆ. ನಾವೆಲ್ಲ ಕಲಿತ ಕಾಲದಿಂದಲೂ ಬಸ್ಕಿ ಹೊಡೆಸುವುದು, ಗೋಡೆಗೆ ಒರಗಿ ‘ಕುರ್ಚಿ’ ಕೂರಿಸುವುದು ಶಿಕ್ಷೆಯ ಭಾಷೆಯಾಗಿವೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಮಂಡಿ ಬಗ್ಗಿಸಿ ನಿಲ್ಲುವುದೆಂದರೆ ಅವಮಾನ ಎಂಬ ನೆನಪು ಕಾಯ್ದೆಯಿಂದ ಅಳಿಸಿಹೋಗುವುದಿಲ್ಲ. ಗರಡಿಯಲ್ಲಿ ಮೈಗೆ ಶಕ್ತಿ ಕೊಡುವ ಬಸ್ಕಿಯೇ ಶಾಲೆಯಲ್ಲಿ ತಲೆ ತಗ್ಗಿಸುವಂತೆ ಮಾಡಿದ್ದರೆ, ವ್ಯತ್ಯಾಸ ಇರುವುದು ಚಲನೆಯಲ್ಲಿ ಅಲ್ಲ. ಯಾರು, ಯಾಕೆ, ಯಾರ ಒಪ್ಪಿಗೆಯಿಂದ ಮಾಡಿಸುತ್ತಾರೆ ಎಂಬುದರಲ್ಲಿ.

ಇದಕ್ಕಾಗಿ ನಾಲ್ಕು ನಿಯಮಗಳನ್ನು ಮೊದಲೇ ಬರೆದುಕೊಂಡಿದ್ದೆ. ಮೊದಲು ನಿಲ್ಲುವವರು ಶಿಕ್ಷಕರು. ಕೊನೆಗೆ ಕೂರುವವರೂ ಶಿಕ್ಷಕರೇ. ಯಾರು ಯಾವಾಗ ಬೇಕಾದರೂ ಕಾರಣ ಹೇಳದೆ ಕೂರಬಹುದು. ಎಷ್ಟು ಹೊತ್ತು ನಿಂತರು ಎಂಬುದಕ್ಕೆ ಅಂಕವೂ ಇಲ್ಲ, ಚಪ್ಪಾಳೆಯೂ ಇಲ್ಲ. ನಿಂತ ಪ್ರತಿ ಸಲವೂ ಗಮನಿಸಲು ಒಂದು ಪ್ರಶ್ನೆ ಇರಲೇಬೇಕು. ಮೊದಲ ದಿನದ ಪ್ರಶ್ನೆ, “ಅಂಗಾಲಿನ ಯಾವ ಭಾಗ ನೆಲವನ್ನು ಹೆಚ್ಚು ಒತ್ತುತ್ತಿದೆ?” ಎಂಬುದು. ಪ್ರಶ್ನೆಯಿಲ್ಲದೆ ನಿಲ್ಲಿಸಿದರೆ ಅದು ಶಿಕ್ಷೆ; ಪ್ರಶ್ನೆ ಇದ್ದರೆ ಪ್ರಯೋಗ. ಆ ಹುಡುಗ ಮೊದಲ ಎರಡು ದಿನ ಕೂತೇ ಇದ್ದ. ಮೂರನೆಯ ದಿನ ತಾನಾಗಿ ಎದ್ದು ನಿಂತ. ಅವನನ್ನು ಯಾರೂ ಕರೆದಿರಲಿಲ್ಲ.

ಎರಡನೇ ದಿನ: ಎರಡು ಯಂತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದೊಂದರ ಮೇಲೆ ಒಂದೊಂದು ಪಾದ ಇಟ್ಟು ನಿಲ್ಲುವುದು. ಒಬ್ಬ ವಿದ್ಯಾರ್ಥಿನಿ ಎಡಕ್ಕೆ 23, ಬಲಕ್ಕೆ 23 ಎಂದು ಓದಿಸಿದಳು. ಭಾರವನ್ನು ಮೆಲ್ಲಗೆ ಎಡಕ್ಕೆ ಸಾಗಿಸಿದಾಗ 30 ಮತ್ತು 16, ಇನ್ನೂ ಸಾಗಿಸಿದಾಗ 41 ಮತ್ತು 5. ಕಪ್ಪುಹಲಗೆಯ ಮೇಲೆ ಜೋಡಿ ಅಂಕಿಗಳು ಸಾಲಾದಂತೆ, ಮೊತ್ತ ಯಾವಾಗಲೂ 46ರ ಆಸುಪಾಸಿನಲ್ಲೇ ಇದೆ ಎಂಬುದನ್ನು ಮಕ್ಕಳೇ ಕಂಡುಕೊಂಡರು. ಒಮ್ಮೆ 45, ಒಮ್ಮೆ 47 ಬಂದಾಗ ಉಪಕರಣದ ದೋಷ, ಮುಳ್ಳನ್ನು ಓರೆಯಾಗಿ ನೋಡುವುದರಿಂದ ಆಗುವ ದೋಷ ಇವುಗಳ ಚರ್ಚೆಗೆ ಅವಕಾಶವಾಯಿತು. ಕಾಲಿನ ತೊಂದರೆಯಿಂದ ಈ ನಿಲುವು ಮಾಡಲಾಗದ ವಿದ್ಯಾರ್ಥಿಯೊಬ್ಬ ಮುಳ್ಳು ಓದುವ, ದಾಖಲಿಸುವ ಹೊಣೆ ಹೊತ್ತ. ಮೊತ್ತ 46ನ್ನು ಮೀರಿದಾಗ “ಅವಳು ಅಲ್ಲಾಡಿದಳು” ಎಂದು ಮೊದಲು ಗುರುತಿಸಿದವನೂ ಅವನೇ. ಮರುದಿನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿರಲಿಲ್ಲ.

ಯಂತ್ರದ ಮೇಲೆ ‘ಕೆಜಿ’ ಎಂದು ಬರೆದಿದ್ದರೂ ಅದರೊಳಗಿನ ಸ್ಪ್ರಿಂಗ್ ಅಳೆಯುವುದು ತನ್ನ ಮೇಲೆ ಬಿದ್ದ ಬಲವನ್ನು. 46 ಎಂಬುದನ್ನು 9.8ರಿಂದ ಗುಣಿಸಿ 450.8 ನ್ಯೂಟನ್ ಎಂದು ಅಂದಿನ ಲೆಕ್ಕ ಮುಗಿಸಿದೆವು.

ಮೂರನೇ ದಿನ: ಒಂದೇ ಯಂತ್ರದ ಮೇಲೆ ಎರಡೂ ಪಾದ. ಮೊದಲು ಮಂಡಿಯನ್ನು ಅತಿ ನಿಧಾನವಾಗಿ, ಒಂದೇ ವೇಗದಲ್ಲಿ ನಾಲ್ಕು ಬೆರಳಷ್ಟು ಬಗ್ಗಿಸುವುದು: ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿತು. ನಂತರ ಅಷ್ಟೇ ದೂರವನ್ನು ಥಟ್ಟನೆ ಕುಸಿಯುವುದು: ಮುಳ್ಳು ಮೊದಲು ಇಳಿದು, ಆಮೇಲೆ 46ನ್ನು ದಾಟಿ ಮೇಲೇರಿ, ಮತ್ತೆ ಸ್ವಸ್ಥಾನಕ್ಕೆ ಬಂತು. “ಆ ಕ್ಷಣದಲ್ಲಿ ಅವಳ ರಾಶಿ ಕಡಿಮೆಯಾಯಿತೇ? ಮೈಯೊಳಗಿನ ಏನಾದರೂ ಎಲ್ಲಿಗಾದರೂ ಹೋಯಿತೇ?” ಎಂಬ ಪ್ರಶ್ನೆಗೆ ತರಗತಿ ಎರಡು ಪಕ್ಷವಾಯಿತು.

ವಿವರಣೆ ಹೀಗಿದೆ. ಥಟ್ಟನೆ ಕುಸಿಯುವಾಗ ಶರೀರಕ್ಕೆ ಕೆಳಮುಖ ವೇಗೋತ್ಕರ್ಷ ಇರುತ್ತದೆ. ಅಂದರೆ ಯಂತ್ರ ಮೇಲಕ್ಕೆ ಕೊಡುವ ಬಲ ತೂಕಕ್ಕಿಂತ ಕಡಿಮೆ. ಕುಸಿತ ನಿಲ್ಲುವಾಗ ವೇಗೋತ್ಕರ್ಷ ಮೇಲ್ಮುಖ. ಯಂತ್ರ ಕೊಡುವ ಬಲ ತೂಕಕ್ಕಿಂತ ಹೆಚ್ಚು. ಒಂದೇ ವೇಗದಲ್ಲಿ ಇಳಿಯುವಾಗ ವೇಗೋತ್ಕರ್ಷ ಇಲ್ಲ, ಬಲಗಳು ಸಂತುಲಿತ, ಮುಳ್ಳು ಅಲುಗದು. ರಾಶಿಯಾಗಲಿ ಭೂಮಿಯ ಸೆಳೆತವಾಗಲಿ ಎಲ್ಲಿಯೂ ಬದಲಾಗಿಲ್ಲ. ಮುಳ್ಳಿನ ಏರಿಳಿತದಲ್ಲಿ ಸ್ಪ್ರಿಂಗಿನ ತೂಗಾಟವೂ ಬೆರೆತಿರುವುದರಿಂದ ಇಲ್ಲಿ ಅಂಕಿಯನ್ನು ನೆಚ್ಚದೆ, ಏರಿತೋ ಇಳಿಯಿತೋ ಎಂಬ ದಿಕ್ಕನ್ನು ಮಾತ್ರ ದಾಖಲಿಸಬೇಕು. ಯಂತ್ರದ ಮೇಲೆ ನೆಗೆಯಲು ಬಿಡಬಾರದು.

ತೈ ಚಿ ಏಕೆ ಅಷ್ಟು ನಿಧಾನ ಎಂಬುದಕ್ಕೂ ಇಲ್ಲೊಂದು ಉತ್ತರ ಸಿಕ್ಕಿತು. ಗೂಡಿನಿಂದ ರೇಷ್ಮೆ ಎಳೆ ತೆಗೆಯುವಂತೆ ಚಲಿಸಬೇಕು ಎಂಬುದು ಆ ಕಲೆಯ ಹಳೆಯ ಹೋಲಿಕೆ. ಚೆನ್ ಶೈಲಿಯ ಒಂದು ಮೂಲಾಭ್ಯಾಸಕ್ಕೆ ರೇಷ್ಮೆ ನೂಲಿನದೇ ಹೆಸರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಇರುವ ಜಿಲ್ಲೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಜಗ್ಗಿದರೆ ಎಳೆ ಕಡಿಯುತ್ತದೆ, ಬಿಟ್ಟರೆ ಸಡಿಲವಾಗುತ್ತದೆ. ಈ ಗಡಿಭಾಗದಲ್ಲಿ ಹಲವು ಮಕ್ಕಳ ಮನೆಮಾತು ತೆಲುಗು. ಕನ್ನಡದ ‘ಮೆಲ್ಲಗೆ’ ತೆಲುಗಿನಲ್ಲಿಯೂ ಹೆಚ್ಚುಕಡಿಮೆ ಅದೇ ಮಾತು. ಆ ಒಂದೇ ಪದ ಸೂಚನೆಗೆ ಸಾಕಾಯಿತು. ಚೀನೀ ಹೆಸರುಗಳ ಅಗತ್ಯವೇ ಬೀಳಲಿಲ್ಲ.

ನಾಲ್ಕನೇ ದಿನ: ಖಾಲಿ ಹೆಜ್ಜೆ. ಒಂದು ಯಂತ್ರವನ್ನು ಗೇಣು ಮುಂದಕ್ಕಿಟ್ಟು, ಮುಂಗಾಲಿನ ಹಿಮ್ಮಡಿ ತಾಗಿದಾಗ ಮುಳ್ಳು ಸೊನ್ನೆಯ ಹತ್ತಿರವೇ ಇರುವಂತೆ ಮಾಡುವುದು. ಮೊದಲ ಪ್ರಯತ್ನಗಳಲ್ಲಿ ಬಹುಪಾಲು ಮಕ್ಕಳ ಮುಂಗಾಲಿಗೆ ಭಾರ ಬಿದ್ದೇಬಿಡುತ್ತಿತ್ತು. ಆಗ ಒಬ್ಬ ಹುಡುಗ, “ಮಿಸ್, ನಮ್ಮಪ್ಪ ಮೂಟೆ ಹೊತ್ಕೊಂಡು ಹಲಗೆ ಹತ್ತುವಾಗ ಹಿಂಗೇ ಹೆಜ್ಜೆ ಇಡೋದು” ಎಂದ. 50 ಕೆಜಿ ಸಿಮೆಂಟ್ ಚೀಲ ಬೆನ್ನ ಮೇಲಿರುವಾಗ, ಹಲಗೆ ಭದ್ರವಾಗಿದೆಯೇ ಎಂದು ಕಾಲಿನಿಂದ ಪರೀಕ್ಷಿಸದೆ ಯಾರೂ ಭಾರ ಹಾಕುವುದಿಲ್ಲ. ತುಂಬಿದ ಬಿಂದಿಗೆ ಹೊತ್ತು ಜಾರುವ ನೆಲದ ಮೇಲೆ ನಡೆಯುವ ತಾಯಂದಿರ ಹೆಜ್ಜೆಯನ್ನು ಹುಡುಗಿಯೊಬ್ಬಳು ನೆನಪಿಸಿದಳು. ಪಠ್ಯದ ಉದಾಹರಣೆಗಳಲ್ಲಿ ಎಂದೂ ಬಾರದ ತಂದೆತಾಯಿಯರ ದುಡಿಮೆಯ ಜಾಣ್ಮೆ, ಅಂದು ವಿಜ್ಞಾನದ ಉದಾಹರಣೆಯಾಗಿ ಕಪ್ಪುಹಲಗೆಯ ಮೇಲೆ ಬಂತು. ಆ ಹುಡುಗ ಅಂದು ಹೆಜ್ಜೆಯನ್ನು ತರಗತಿಗೆಲ್ಲ ತೋರಿಸಿಕೊಟ್ಟ.

ಐದನೇ ದಿನ: ಮೂರೂ ಅಭ್ಯಾಸಗಳ ಪುನರಾವರ್ತನೆ ಮತ್ತು ಕಿರುಪರೀಕ್ಷೆ.

‘ಚೀ’ ಶಕ್ತಿಯ ಪ್ರಶ್ನೆ

ತೈ ಚಿಯ ಗ್ರಂಥಗಳು ಈ ಅಭ್ಯಾಸಗಳನ್ನು ‘ಚೀ’ ಎಂಬ ಪ್ರಾಣಶಕ್ತಿಯ ಮೂಲಕ ವಿವರಿಸುತ್ತವೆ. ಮೊಬೈಲಿನಲ್ಲಿ ವಿಡಿಯೊ ನೋಡಿದ ಕೆಲವರು, ಮುಟ್ಟದೆ ಜನರನ್ನು ಬೀಳಿಸುವುದು ನಿಜವೇ ಎಂದು ಕೇಳಿದರು. ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ್ದು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿ ರಚಿಸಿದವರು. ಅವರ ಊರಿನ ನೆರೆಹೊರೆಯಲ್ಲಿ ವಿಜ್ಞಾನ ಕಲಿಸುವವರು ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. “ಹಾಗೆ ಆಗುತ್ತದೆ ಎನ್ನುವವರನ್ನು ಈ ಯಂತ್ರದ ಮೇಲೆ ನಿಲ್ಲಿಸಿದರೆ ನಾವು ಏನನ್ನು ಅಳೆಯಬೇಕು?” ಎಂದು ತಿರುಗಿ ಕೇಳಿದೆ. ಬಿದ್ದವರಿಗೆ ಮುಂಚೆಯೇ ಹೇಳಿಕೊಟ್ಟಿರಬಹುದು, ಆದ್ದರಿಂದ ಪರಿಚಯವಿಲ್ಲದವರನ್ನು ನಿಲ್ಲಿಸಬೇಕು ಎಂದು ಒಬ್ಬಳು ಸೂಚಿಸಿದಳು. ಅಭ್ಯಾಸವನ್ನು ಗೌರವದಿಂದ ಮಾಡುತ್ತಲೇ ಅದರ ಬಗೆಗಿನ ಹೇಳಿಕೆಯನ್ನು ಪರೀಕ್ಷಿಸಬಹುದು, ಎರಡಕ್ಕೂ ವಿರೋಧವಿಲ್ಲ.

ಮೌಲ್ಯಮಾಪನ

ಕಿರುಪರೀಕ್ಷೆಯಲ್ಲಿ ವ್ಯಾಖ್ಯಾನ ಕೇಳಲಿಲ್ಲ. “ಥಟ್ಟನೆ ಕುಸಿದಾಗ ಮುಳ್ಳು ಇಳಿಯಿತು. ಇದರಿಂದ ರಾಶಿ ಕಡಿಮೆಯಾಯಿತು ಎನ್ನುವ ಗೆಳೆಯನಿಗೆ ಏನು ಹೇಳುವಿರಿ?” ಎಂಬುದು ಮುಖ್ಯ ಪ್ರಶ್ನೆ. “ಮುಳ್ಳು ಹೇಳುವುದು ನೆಲ ನನ್ನನ್ನು ಎಷ್ಟು ಒತ್ತುತ್ತದೆ ಎಂದು, ನಾನು ಎಷ್ಟಿದ್ದೇನೆ ಎಂದಲ್ಲ” ಎಂಬ ಬಗೆಯ ಸ್ವಂತ ಮಾತಿನ ಉತ್ತರಗಳು ಬಂದವು. ಕೆಲವರಲ್ಲಿ ನ್ಯೂಟನ್ ಮತ್ತು ಕಿಲೋಗ್ರಾಂ ಏಕಮಾನಗಳ ಗೊಂದಲ ಉಳಿದೇ ಇತ್ತು. ಅದಕ್ಕೆ ನಿಲುವಲ್ಲ, ಲೆಕ್ಕಗಳ ಅಭ್ಯಾಸ ಬೇಕು. ಯಾವುದಕ್ಕೆ ಮೈ ಮೂಲಕ ಕಲಿಕೆ ಒದಗುತ್ತದೆ, ಯಾವುದಕ್ಕೆ ಇಲ್ಲ ಎಂಬುದನ್ನು ಬೇರ್ಪಡಿಸಿಕೊಳ್ಳುವುದು ಪಾಠಯೋಜನೆಯ ಭಾಗವೇ.

ನಮ್ಮ ಬೋಧನಾಭ್ಯಾಸಕ್ಕೆ ಏನು?

ಸೂಕ್ಷ್ಮ ಬೋಧನೆಯೂ ಒಂದು ಬಗೆಯ ಮೂಲಾಭ್ಯಾಸ. 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ರೂಪಿಸಿದ ಈ ಕ್ರಮವು ಬೋಧನೆಯನ್ನು ಸಣ್ಣ ಕೌಶಲಗಳಾಗಿ ಬಿಡಿಸುತ್ತದೆ. ನಾವು ಅನುಸರಿಸುವ 36 ನಿಮಿಷದ ಚಕ್ರದಲ್ಲಿ ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ವ್ಯವಸ್ಥೆ ಸೊಗಸಾಗಿದೆ. ಆದರೆ ಚಕ್ರ ಒಮ್ಮೆ ತಿರುಗಿ, ರೆಕಾರ್ಡಿಗೆ ಸಹಿ ಬಿದ್ದ ಮೇಲೆ ಆ ಕೌಶಲ ‘ಮುಗಿದ’ ಲೆಕ್ಕ. ತೈ ಚಿಯಲ್ಲಿ ಇಪ್ಪತ್ತು ವರ್ಷ ಪಳಗಿದವರೂ ಬೆಳಗಿನ ಅಭ್ಯಾಸವನ್ನು ಕಂಬದ ನಿಲುವಿನಿಂದಲೇ ತೊಡಗುತ್ತಾರೆ. ಮೂಲ ಎಂದರೆ ದಾಟಿಹೋಗುವ ಮೆಟ್ಟಿಲಲ್ಲ, ದಿನವೂ ಮರಳುವ ನೆಲ.

ಇಂಟರ್ನ್‌ಶಿಪ್‌ನಲ್ಲಿ ಒಂದೇ ಕೌಶಲವನ್ನು ಹೀಗೆ ಹಿಡಿದು ನೋಡಿದೆ: ಪ್ರಶ್ನೆ ಕೇಳಿದ ಮೇಲೆ ಕಾಯುವುದು. ಶಿಕ್ಷಕರು ಪ್ರಶ್ನೆಯ ನಂತರ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಮಾತಾಡುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಪ್ರತಿ ಪ್ರಶ್ನೆಯ ನಂತರ ಒಂದು ಉಸಿರನ್ನು ಪೂರ್ತಿ ಹೊರಬಿಡುವವರೆಗೆ ಸುಮ್ಮನಿರುವುದನ್ನು ಐದೂ ದಿನ ಅಭ್ಯಾಸ ಮಾಡಿದೆ. ಸಹಪ್ರಶಿಕ್ಷಣಾರ್ಥಿ ಗಡಿಯಾರ ಹಿಡಿದು ಗುರುತು ಹಾಕಿದರು. ಪ್ರಶ್ನೆಯೂ ಖಾಲಿ ಹೆಜ್ಜೆಯಂತೆಯೇ: ಇಟ್ಟು ನೋಡಬೇಕು, ಮಕ್ಕಳ ಕಡೆಯಿಂದ ನೆಲ ಸಿಕ್ಕ ಮೇಲೆ ಪಾಠದ ಭಾರ ಹಾಕಬೇಕು. ತೆಲುಗಿನಲ್ಲಿ ಯೋಚಿಸಿ ಕನ್ನಡದಲ್ಲಿ ಉತ್ತರ ಕೂಡಿಸುವ ಮಗುವಿಗೆ ಆ ಒಂದು ಉಸಿರಿನ ಬಿಡುವು ಉಪಕಾರವಲ್ಲ, ಅವಶ್ಯಕತೆ. ಮೂಟೆಯ ಮಾತು ಬಂದದ್ದೂ ಅಂಥ ಒಂದು ಬಿಡುವಿನಲ್ಲಿಯೇ.

ಸಲಹೆಗಳು

1. ಎರಡನೇ ವರ್ಷದ 16 ವಾರಗಳ ಇಂಟರ್ನ್‌ಶಿಪ್‌ನಲ್ಲಿ ಪ್ರತಿ ಪ್ರಶಿಕ್ಷಣಾರ್ಥಿ ಒಂದು ಕೌಶಲವನ್ನು ಆರಿಸಿಕೊಂಡು, ಅದನ್ನು ಪ್ರತಿದಿನ ಒಂದೇ ಅವಧಿಯಲ್ಲಿ ಅಭ್ಯಾಸ ಮಾಡಿ ವಾರಕ್ಕೊಮ್ಮೆ ದಾಖಲಿಸಬಹುದು.

2. ದೈಹಿಕ ಚಟುವಟಿಕೆ ಇರುವ ಯಾವುದೇ ಪಾಠದಲ್ಲಿ, ಆ ಚಲನೆ ಮಕ್ಕಳಿಗೆ ಶಿಕ್ಷೆಯ ನೆನಪು ತರುವುದೇ ಎಂಬುದನ್ನು ಪಾಠಯೋಜನೆಯಲ್ಲಿಯೇ ಬರೆದುಕೊಳ್ಳಬೇಕು. ಕೂರುವ ಸ್ವಾತಂತ್ರ್ಯ ಲಿಖಿತ ನಿಯಮವಾಗಿರಲಿ.

3. ತೈ ಚಿ ತಿಳಿಯದವರು ಬಿಂದಿಗೆಯ ನಡಿಗೆ, ಮೂಟೆಯ ಹೆಜ್ಜೆ, ಗರಡಿಯ ಸಾಮು ಇವುಗಳಿಂದಲೇ ಇದೇ ಪಾಠವನ್ನು ಮಾಡಬಹುದು. ಬೇಕಾದದ್ದು ಮುಳ್ಳಿನ ಯಂತ್ರಗಳೆರಡು ಮತ್ತು ದಿನಕ್ಕೆ 8 ನಿಮಿಷ.

4. ಮಾಡಿಸುವ ಮುನ್ನ ಪ್ರಶಿಕ್ಷಣಾರ್ಥಿಯು ಕನಿಷ್ಠ ಎರಡು ವಾರ ತಾನೇ ದಿನವೂ ಯಂತ್ರದ ಮೇಲೆ ನಿಂತು, ಮುಳ್ಳು ಅಲುಗದಂತೆ ಇಳಿಯುವುದನ್ನು ಅಭ್ಯಾಸ ಮಾಡಿರಬೇಕು. ಎಲ್ಲಿ ಮುಳ್ಳು ಜಿಗಿಯುತ್ತದೆ ಎಂಬುದು ತನ್ನ ಮೈಗೆ ಗೊತ್ತಿದ್ದರೆ, ಮಕ್ಕಳು ಅದನ್ನು ಕಂಡು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವುದು ಸುಲಭವಾಗುತ್ತದೆ.